ಆಟಗಾರರ ಅದಲು-ಬದಲು: ಫ್ಲಾರಿಡಾ ಪ್ಯಾಂಥರ್ಸ್ ತಂಡದ ಲೆಕ್ಕಾಚಾರ

ಒಂದೇ ಋತುವಿನಲ್ಲಿ 115 ಅಂಕ ಗಳಿಸಿದ ಆಟಗಾರನನ್ನು ಯಾವ ತಂಡ ತಾನೇ ಕೈಬಿಟ್ಟೀತು? ಅಮೆರಿಕದ ಫ್ಲಾರಿಡಾ ಪ್ಯಾಂಥರ್ಸ್ ಐಸ್ ಹಾಕಿ ತಂಡ 2022ರ ಜುಲೈ 22ರಂದು ಅದನ್ನೇ ಮಾಡಿತು. ಹೊರಗೆ ಹೋದವನು ಜೊನಾಥನ್ ಹ್ಯೂಬರ್ಡೊ. 2011ರಲ್ಲಿ ಕ್ಲಬ್ ತಾನೇ ಆರಿಸಿ ಬೆಳೆಸಿದ್ದ, ಆ ಹೊತ್ತಿಗೆ ಅದರ ಇತಿಹಾಸದಲ್ಲೇ ಅತಿ ಹೆಚ್ಚು ಅಂಕ ಗಳಿಸಿದ್ದ ಆಟಗಾರ. ಅವನ ಜೊತೆಗೆ ರಕ್ಷಣಾ ವಿಭಾಗದ ಮೊದಲ ಜೋಡಿಯಲ್ಲಿ ಆಡುತ್ತಿದ್ದ ಮೆಕೆಂಜಿ ವೀಗರ್, ಯುವಕ ಕೋಲ್ ಶ್ವಿಂಟ್ ಮತ್ತು 2025ರ ಮೊದಲ ಸುತ್ತಿನ ಆಯ್ಕೆಯ ಹಕ್ಕು ಕೆನಡಾದ ಕ್ಯಾಲ್ಗರಿ ಫ್ಲೇಮ್ಸ್ ತಂಡದ ಪಾಲಾದವು. ಬದಲಿಗೆ ಫ್ಲಾರಿಡಾಕ್ಕೆ ಬಂದವನು ಮುಖ್ಯವಾಗಿ ಒಬ್ಬನೇ, 24 ವರ್ಷದ ಮ್ಯಾಥ್ಯೂ ಟ್ಕಚುಕ್. ಜೊತೆಗೆ ನಾಲ್ಕನೇ ಸುತ್ತಿನ ಒಂದು ಆಯ್ಕೆಯ ಹಕ್ಕು.

ಕಾಗದದ ಮೇಲೆ ಇದು ನಷ್ಟದ ವ್ಯಾಪಾರದಂತೆಯೇ ಕಾಣುತ್ತಿತ್ತು. 115 ಅಂಕದವನನ್ನು ಕೊಟ್ಟು 104 ಅಂಕದವನನ್ನು ತಂದದ್ದಲ್ಲದೆ ಒಬ್ಬ ಒಳ್ಳೆಯ ರಕ್ಷಕನನ್ನೂ ಬಿಟ್ಟುಕೊಟ್ಟಿದ್ದರು. ಆದರೆ ಮುಂದಿನ ಮೂರು ವರ್ಷಗಳಲ್ಲಿ ಫ್ಲಾರಿಡಾ ಮೂರು ಬಾರಿ ಸ್ಟ್ಯಾನ್ಲಿ ಕಪ್ ಫೈನಲ್ ಆಡಿತು, 2024 ಮತ್ತು 2025ರಲ್ಲಿ ಕಪ್ ಗೆದ್ದಿತು. ಕ್ಯಾಲ್ಗರಿ ಆ ಮೂರೂ ವರ್ಷ ಪ್ಲೇಆಫ್ ತಲುಪಲೇ ಇಲ್ಲ.

ಹಾಗೆಂದು ಒಬ್ಬ ಟ್ಕಚುಕ್ ಬಂದದ್ದರಿಂದ ಎರಡು ಕಪ್ ಬಂದವು ಎಂದರೆ ಅರ್ಧ ಸತ್ಯವಷ್ಟೇ ಹೇಳಿದಂತಾಗುತ್ತದೆ. ಈ ಕ್ಲಬ್‌ನ ಐದು ವರ್ಷಗಳ ವ್ಯವಹಾರವನ್ನು ಒಟ್ಟಾಗಿ ನೋಡಿದರೆ ಬೇರೆಯೇ ಪಾಠವೊಂದು ಸಿಗುತ್ತದೆ. ವಿನಿಮಯದ ಬೆಲೆಯನ್ನು ಬರುವ ಆಟಗಾರನ ಹೆಸರಿನಿಂದ ಅಳೆಯಲಾಗದು. ಅವನು ತಂಡದ ಯಾವ ಕೊರತೆಯನ್ನು ತುಂಬುತ್ತಾನೆ, ಅವನಿಗಾಗಿ ತೆತ್ತದ್ದು ಇನ್ನೆಲ್ಲಿ ತೂತು ಕೊರೆಯುತ್ತದೆ ಎಂಬ ಎರಡನ್ನೂ ಕೂಡಿಸಿಯೇ ಲೆಕ್ಕ ಹಾಕಬೇಕು.

ಅರವತ್ತರಲ್ಲಿ ಇಪ್ಪತ್ತು ನಿಮಿಷ

ಹಾಕಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಕೊಡಗಿನ ಮೈದಾನಗಳು. ಉತ್ತರ ಅಮೆರಿಕದಲ್ಲಿ ಬರಿಯ ಹಾಕಿ ಎಂದರೆ ಹಿಮದ ಅಂಗಳದ ಆಟ. ಚೆಂಡಿನ ಬದಲು ಪಕ್ ಎಂಬ ರಬ್ಬರ್ ಬಿಲ್ಲೆ, ಕಾಲಿಗೆ ಸ್ಕೇಟ್. ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್, ಅದರ ಅತ್ಯುನ್ನತ ವೃತ್ತಿಪರ ಲೀಗ್. ಒಟ್ಟು 32 ತಂಡಗಳು; 2025-26ರವರೆಗೆ ಲೀಗ್ ಹಂತದಲ್ಲಿ ತಲಾ 82 ಪಂದ್ಯ. ನಂತರ 16 ತಂಡಗಳು ಪ್ಲೇಆಫ್ ಆಡುತ್ತವೆ. ಪ್ರತಿ ಸುತ್ತೂ ಏಳು ಪಂದ್ಯಗಳ ಸರಣಿ, ನಾಲ್ಕು ಸುತ್ತು ಗೆದ್ದವರಿಗೆ ಕಪ್. ಅಕ್ಟೋಬರ್‌ನಲ್ಲಿ ಆರಂಭವಾದ ಋತು ಜೂನ್‌ನಲ್ಲಿ ಮುಗಿಯುವಷ್ಟರಲ್ಲಿ ಚಾಂಪಿಯನ್ ತಂಡವೊಂದು ನೂರಕ್ಕೂ ಹೆಚ್ಚು ಪಂದ್ಯ ಆಡಿರುತ್ತದೆ. ಮೈಗೆ ಮೈ ಡಿಕ್ಕಿ ಹೊಡೆಯುವುದು ನಿಯಮಬದ್ಧವೇ ಆಗಿರುವ ಆಟದಲ್ಲಿ ಇದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ.

ಒಂದು ಪಂದ್ಯಕ್ಕೆ 20 ಮಂದಿ ಸಜ್ಜಾಗುತ್ತಾರೆ: ಇಬ್ಬರು ಗೋಲಿಗಳು, 18 ಮಂದಿ ಸ್ಕೇಟರ್‌ಗಳು. ಸಾಮಾನ್ಯವಾಗಿ ಮುನ್ಪಡೆಯಲ್ಲಿ ಮೂವರ ನಾಲ್ಕು ಸಾಲುಗಳು, ರಕ್ಷಣೆಯಲ್ಲಿ ಇಬ್ಬರ ಮೂರು ಜೋಡಿಗಳು. ಒಂದು ಸಾಲು ಮುಕ್ಕಾಲು ನಿಮಿಷದಷ್ಟು ಕಾಲ ಪೂರ್ತಿ ಬಿರುಸಿನಿಂದ ಆಡಿ ಬೆಂಚಿಗೆ ಮರಳುತ್ತದೆ, ಮುಂದಿನ ಸಾಲು ಅಂಗಳಕ್ಕೆ ಜಿಗಿಯುತ್ತದೆ. 60 ನಿಮಿಷದ ಪಂದ್ಯದಲ್ಲಿ ಅತ್ಯುತ್ತಮ ಮುನ್ಪಡೆ ಆಟಗಾರ ಆಡುವುದು 20ರಿಂದ 22 ನಿಮಿಷ. ಕ್ರಿಕೆಟ್‌ನಲ್ಲಿ ಆರಂಭಿಕ ಬ್ಯಾಟ್ಸ್‌ಮನ್ ಒಬ್ಬ 20 ಓವರ್ ನಿಂತು ಪಂದ್ಯವನ್ನು ಒಬ್ಬಂಟಿಯಾಗಿ ಗೆಲ್ಲಿಸಬಹುದು. ಐಸ್ ಹಾಕಿಯ ತಾರೆ ಪಂದ್ಯದ ಮೂರನೇ ಎರಡು ಭಾಗವನ್ನು ಬೆಂಚಿನ ಮೇಲೆ ಕುಳಿತೇ ನೋಡಬೇಕು. ಆ 40 ನಿಮಿಷ ಆಡುವವರು ಯಾರು ಎಂಬುದೇ ತಂಡದ ಆಳ.

2024ರ ಫೈನಲ್ ಇದಕ್ಕೆ ಒಳ್ಳೆಯ ನಿದರ್ಶನ. ಎದುರಾಳಿ ಎಡ್ಮಂಟನ್ ಆಯಿಲರ್ಸ್ ತಂಡದಲ್ಲಿದ್ದವನು ಕಾನರ್ ಮೆಕ್‌ಡೇವಿಡ್. ಆ ಪ್ಲೇಆಫ್‌ನಲ್ಲಿ ಅವನು 42 ಅಂಕ ಗಳಿಸಿ, ಸೋತ ತಂಡದಲ್ಲಿದ್ದೂ ಪ್ಲೇಆಫ್‌ನ ಶ್ರೇಷ್ಠ ಆಟಗಾರನ ಪ್ರಶಸ್ತಿ ಪಡೆದ. ಏಳನೇ ಪಂದ್ಯವನ್ನು 2-1ರಿಂದ ಗೆದ್ದು ಕಪ್ ಎತ್ತಿದ್ದು ಫ್ಲಾರಿಡಾ. (ಅಂದ ಹಾಗೆ, ಈ ಆಟದಲ್ಲಿ ಗೋಲು ಹೊಡೆದವನಿಗೂ, ಅದಕ್ಕೆ ಮೊದಲು ಪಕ್ ದಾಟಿಸಿದ ಇಬ್ಬರವರೆಗೂ ಒಂದೊಂದು ಅಂಕ ಸಲ್ಲುತ್ತದೆ.)

ಹಣ ಕೊಟ್ಟು ಕೊಳ್ಳುವಂತಿಲ್ಲ

ಆಟಗಾರರ ವಿನಿಮಯ ನಮ್ಮ ಓದುಗರಿಗೆ ಹೊಸತಲ್ಲ. ಐಪಿಎಲ್‌ನ ಎರಡನೇ ಋತುವಿಗೆ ಮುನ್ನವೇ ರಾಯಲ್ ಚಾಲೆಂಜರ್ಸ್ ತಂಡ ಜಹೀರ್ ಖಾನ್‌ನನ್ನು ಮುಂಬೈಗೆ ಕೊಟ್ಟು ಕೊಡಗಿನ ರಾಬಿನ್ ಉತ್ತಪ್ಪನನ್ನು ತಂದುಕೊಂಡಿತ್ತು. 2023ರಲ್ಲಿ ಬೆಂಗಳೂರು ತಂಡ ಕ್ಯಾಮರೂನ್ ಗ್ರೀನ್‌ನನ್ನು ಪೂರ್ಣ ನಗದಿಗೆ ಪಡೆಯಿತು. ಎನ್‌ಎಚ್‌ಎಲ್‌ನಲ್ಲಿ ಈ ಎರಡನೆಯ ದಾರಿ ಈಗ ಮುಚ್ಚಿದೆ. 1988ರಲ್ಲಿ ಎಡ್ಮಂಟನ್ ತಂಡ ವೇನ್ ಗ್ರೆಟ್ಜ್‌ಕಿಯನ್ನು ಲಾಸ್ ಏಂಜಲೀಸ್‌ಗೆ ಕೊಟ್ಟಾಗ ಇತರ ಆಟಗಾರರು, ಆಯ್ಕೆಯ ಹಕ್ಕುಗಳೊಂದಿಗೆ ಒಂದೂವರೆ ಕೋಟಿ ಡಾಲರ್ ನಗದೂ ಕೈ ಬದಲಾಗಿತ್ತು. ಈಗ ಆಟಗಾರನಿಗೆ ಆಟಗಾರ, ಇಲ್ಲವೇ ಭವಿಷ್ಯ ಎರಡೇ ನಾಣ್ಯಗಳು. ಭವಿಷ್ಯ ಎಂದರೆ ಡ್ರಾಫ್ಟ್ ಹಕ್ಕು: ಪ್ರತಿ ಬೇಸಿಗೆಯಲ್ಲಿ ಹದಿನೆಂಟರ ಆಸುಪಾಸಿನ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವಾಗ ಸಿಗುವ ಸರದಿ. ಅದನ್ನು ಮೂರು ವರ್ಷ ಮುಂಚಿತವಾಗಿಯೇ ಒತ್ತೆಯಂತೆ ಕೊಡಬಹುದು. (ಗ್ರೆಟ್ಜ್‌ಕಿಯಂಥ ಗ್ರೆಟ್ಜ್‌ಕಿ ಹೋದ ಎರಡೇ ವರ್ಷಕ್ಕೆ, 1990ರಲ್ಲಿ, ಎಡ್ಮಂಟನ್ ಅವನಿಲ್ಲದೆಯೇ ಮತ್ತೆ ಕಪ್ ಗೆದ್ದಿತ್ತು ಎಂಬುದೂ ಇಲ್ಲಿ ನೆನಪಿಡತಕ್ಕದ್ದೇ.)

ಇದರ ಮೇಲೆ ವೇತನದ ಕಟ್ಟುನಿಟ್ಟು. ತಂಡವೊಂದು ತನ್ನ ಆಟಗಾರರಿಗೆಲ್ಲ ಸೇರಿ ಇಂತಿಷ್ಟೇ ಕೊಡಬಹುದು. ಆ ಮಿತಿ 2021-22ರಲ್ಲಿ 8.15 ಕೋಟಿ ಡಾಲರ್, 2024-25ರಲ್ಲಿ 8.8 ಕೋಟಿ, 2025-26ರಲ್ಲಿ 9.55 ಕೋಟಿ ಡಾಲರ್. ಮಾಲೀಕ ಎಷ್ಟೇ ಸಿರಿವಂತನಾಗಿರಲಿ, ಈ ಗೆರೆ ದಾಟುವಂತಿಲ್ಲ. ಹೀಗಾಗಿ ಪ್ರತಿ ಆಟಗಾರನಿಗೂ ಎರಡು ಬೆಲೆ: ಅವನಿಗಾಗಿ ಕೊಟ್ಟದ್ದು ಒಂದು, ಅವನು ಮಿತಿಯೊಳಗೆ ಆಕ್ರಮಿಸುವ ಜಾಗ ಇನ್ನೊಂದು. ಈ ಎರಡನೆಯದನ್ನು ತಗ್ಗಿಸಲು ಒಂದು ಉಪಾಯವುಂಟು. ಕೊಡುವ ತಂಡವೇ ಆಟಗಾರನ ವೇತನದಲ್ಲಿ ಅರ್ಧದವರೆಗೆ ತನ್ನ ಲೆಕ್ಕದಲ್ಲಿ ಉಳಿಸಿಕೊಳ್ಳಬಹುದು. ಆದರೆ ಆ ಉಪಕಾರ ಬಿಟ್ಟಿಯಲ್ಲ, ಅದಕ್ಕೂ ಇನ್ನಷ್ಟು ಭವಿಷ್ಯವನ್ನು ತೆರಬೇಕು.

ಕೆಲವು ಹಿರಿಯರ ಒಪ್ಪಂದದಲ್ಲಿ ತಮ್ಮ ಒಪ್ಪಿಗೆಯಿಲ್ಲದೆ ಎಲ್ಲಿಗೂ ಕಳಿಸುವಂತಿಲ್ಲ ಎಂಬ ಷರತ್ತಿರುತ್ತದೆ. ಅಂಥವರ ವಿಷಯದಲ್ಲಿ ಬೆಲೆ ಕಟ್ಟುವವರು ತಂಡಗಳಾದರೂ ಊರು ಆರಿಸುವವನು ಆಟಗಾರನೇ.

2022: ಸೋಲಿನಲ್ಲಿ ಸಿಕ್ಕ ಲೆಕ್ಕ

ಬಿಲ್ ಜಿಟೊ 2020ರ ಸೆಪ್ಟೆಂಬರ್‌ನಲ್ಲಿ ಫ್ಲಾರಿಡಾ ತಂಡದ ಜನರಲ್ ಮ್ಯಾನೇಜರ್ ಆದಾಗ ಕ್ಲಬ್ 1996ರ ನಂತರ ಪ್ಲೇಆಫ್‌ನ ಒಂದು ಸುತ್ತನ್ನೂ ಗೆದ್ದಿರಲಿಲ್ಲ. ನಾಯಕ ಅಲೆಕ್ಸಾಂಡರ್ ಬಾರ್ಕೊವ್, ರಕ್ಷಕ ಏರನ್ ಎಕ್‌ಬ್ಲಾಡ್, ಹ್ಯೂಬರ್ಡೊ ಹಾಗೂ ವರ್ಷಕ್ಕೆ ಕೋಟಿ ಡಾಲರ್ ವೇತನದ ಗೋಲಿ ಸರ್ಗೈ ಬೊಬ್ರೊವ್‌ಸ್ಕಿ ಇದ್ದರು. ತಾರೆಗಳಿಗೆ ಬರವಿರಲಿಲ್ಲ. ಕೊರತೆಯಿದ್ದದ್ದು ಅವರ ಹಿಂದಿನ ಸಾಲುಗಳಲ್ಲಿ.

ಜಿಟೊ ಮೊದಲು ಕೈಹಾಕಿದ್ದು ಅಗ್ಗದ ಸರಕಿಗೆ. ಟ್ಯಾಂಪಾ ಬೇ ತಂಡ ಉಳಿಸಿಕೊಳ್ಳದೆ ಬಿಟ್ಟ ಕಾರ್ಟರ್ ವರ್ಹೇಗಿಯನ್ನು ವರ್ಷಕ್ಕೆ ಹತ್ತು ಲಕ್ಷ ಡಾಲರ್‌ಗೆ ಸೇರಿಸಿಕೊಂಡರು. 2022-23ರಲ್ಲಿ ಅವನು 42 ಗೋಲು ಹೊಡೆದ. 2021ರ ಜನವರಿಯಲ್ಲಿ ಕ್ಯಾರೊಲಿನಾ ತಂಡ ತನ್ನ ಪಟ್ಟಿಯಿಂದ ಕೆಳಗಿಳಿಸಲು ಹೊರಟಿದ್ದ ಗುಸ್ತಾವ್ ಫೋರ್ಸ್‌ಲಿಂಗ್‌ನನ್ನು ಏನನ್ನೂ ತೆರದೆ ಎತ್ತಿಕೊಂಡರು. ಅವನು ಲೀಗ್‌ನ ಅತ್ಯುತ್ತಮ ರಕ್ಷಕರಲ್ಲೊಬ್ಬನಾಗಿ ಬೆಳೆದ. ಅದೇ ಏಪ್ರಿಲ್‌ನಲ್ಲಿ ಕ್ಯಾಲ್ಗರಿಯಲ್ಲಿ ಮಂಕಾಗಿದ್ದ ಸ್ಯಾಮ್ ಬೆನೆಟ್ ಬಂದ. ತೆತ್ತದ್ದು ಒಬ್ಬ ಕಿರಿಯ ಆಟಗಾರ ಮತ್ತು ಎರಡನೇ ಸುತ್ತಿನ ಒಂದು ಹಕ್ಕು. ಆ ಬೇಸಿಗೆಯಲ್ಲಿ ಬಫಲೊದಿಂದ ಸ್ಯಾಮ್ ರೈನ್‌ಹಾರ್ಟ್. ಅವನಿಗೆ ಬೆಲೆ ಹೆಚ್ಚಿತ್ತು: ಮೊದಲ ಸುತ್ತಿನ ಹಕ್ಕು ಹಾಗೂ ಭರವಸೆಯ ಗೋಲಿ ಡೆವನ್ ಲೆವಿ. ಬೇರೆಡೆ ಬೇಡವಾದವರಲ್ಲಿ, ಇಲ್ಲವೇ ತಪ್ಪು ಸ್ಥಾನದಲ್ಲಿ ಆಡುತ್ತಿದ್ದವರಲ್ಲಿ ಹುಡುಕುವುದೇ ಈ ಖರೀದಿಗಳ ಸ್ವಭಾವ. ವಿನಿಮಯದ ಸುದ್ದಿಗಳಲ್ಲಿ ಇವು ದೊಡ್ಡ ಅಕ್ಷರದಲ್ಲಿ ಬರುವುದಿಲ್ಲ. ಕಪ್ ಗೆದ್ದ ತಂಡದ ಬೆನ್ನೆಲುಬಾದದ್ದು ಮಾತ್ರ ಇವೇ.

2021-22ರಲ್ಲಿ ತಂಡ 58 ಪಂದ್ಯ ಗೆದ್ದು 122 ಅಂಕಗಳೊಂದಿಗೆ ಲೀಗ್‌ನ ಅಗ್ರಸ್ಥಾನ ಪಡೆಯಿತು. ಆಗ ಬಂತು ಮಾರ್ಚ್‌ನ ಗಡುವು. ಅದಾದ ಮೇಲೆ ತಂದ ಆಟಗಾರನನ್ನು ಪ್ಲೇಆಫ್‌ನಲ್ಲಿ ಆಡಿಸುವಂತಿಲ್ಲವಾದ್ದರಿಂದ ಗೆಲ್ಲುವ ಆಸೆಯಿರುವ ತಂಡಗಳೆಲ್ಲ ಆ ವಾರ ಪೇಟೆಗಿಳಿಯುತ್ತವೆ. ಕೊನೆಯ ಸ್ಥಾನಗಳಲ್ಲಿರುವ ತಂಡಗಳು ಬೇಸಿಗೆಯಲ್ಲಿ ಒಪ್ಪಂದ ಮುಗಿಯಲಿರುವ ಹಿರಿಯರನ್ನು ಮಾರಾಟಕ್ಕಿಡುತ್ತವೆ. ಇಂಥವರನ್ನು ಅಲ್ಲಿ ಬಾಡಿಗೆ ಆಟಗಾರರೆಂದೇ ಕರೆಯುವುದು ರೂಢಿ. ಮೂರು ತಿಂಗಳ ಸಂಸಾರ ಅಷ್ಟೇ.

ಫ್ಲಾರಿಡಾ ಆ ವಾರ ಇಬ್ಬರು ಬಾಡಿಗೆದಾರರನ್ನು ತಂದಿತು. ಎಕ್‌ಬ್ಲಾಡ್ ಗಾಯಗೊಂಡ ದಿನಗಳಲ್ಲೇ ಮಾಂಟ್ರಿಯಲ್‌ನಿಂದ ರಕ್ಷಕ ಬೆನ್ ಚಿಯಾರೊಟ್ ಬಂದ. ಅವನಿಗಾಗಿ ಮೊದಲ ಸುತ್ತಿನ ಹಕ್ಕು, ನಾಲ್ಕನೇ ಸುತ್ತಿನ ಹಕ್ಕು, ಜೊತೆಗೊಬ್ಬ ಯುವಕ. ಫಿಲಡೆಲ್ಫಿಯಾದ ನಾಯಕ, 34ರ ಕ್ಲಾಡ್ ಜಿರೂಗಾಗಿ 2024ರ ಮೊದಲ ಸುತ್ತಿನ ಹಕ್ಕು ಮತ್ತು 2017ರಲ್ಲಿ ಹತ್ತನೆಯವನಾಗಿ ಆರಿಸಿದ್ದ ಓವನ್ ಟಿಪ್ಪೆಟ್. ಜಿರೂ ಒಪ್ಪಿಗೆಯ ಷರತ್ತಿನ ಆಟಗಾರ. ಹಾಗಾಗಿ ಫಿಲಡೆಲ್ಫಿಯಾಕ್ಕೆ ಚೌಕಾಸಿ ಮಾಡುವ ಅವಕಾಶ ಹೆಚ್ಚಿರಲಿಲ್ಲ. ಆದರೂ ಬೆಲೆ ಕಡಿಮೆಯೇನಲ್ಲ. ಟಿಪ್ಪೆಟ್ ಮುಂದಿನ ಎರಡು ಋತುಗಳಲ್ಲಿ 27 ಮತ್ತು 28 ಗೋಲು ಹೊಡೆದ.

ಫಲವೇನಾಯಿತು? ವಾಷಿಂಗ್ಟನ್ ವಿರುದ್ಧ ಮೊದಲ ಸುತ್ತು ಗೆದ್ದದ್ದು ನಿಜ. ಎರಡನೇ ಸುತ್ತಿನಲ್ಲಿ ಟ್ಯಾಂಪಾ ಬೇ ನಾಲ್ಕಕ್ಕೆ ನಾಲ್ಕೂ ಪಂದ್ಯ ಗೆದ್ದಿತು. ಲೀಗ್ ಹಂತದಲ್ಲಿ ಪಂದ್ಯಕ್ಕೆ ಸರಾಸರಿ ನಾಲ್ಕು ಗೋಲು ಹೊಡೆಯುತ್ತಿದ್ದ ತಂಡ ಆ ನಾಲ್ಕು ಪಂದ್ಯಗಳಲ್ಲಿ ಹೊಡೆದದ್ದು ಒಟ್ಟು ಮೂರು. ಬೇಸಿಗೆಯಲ್ಲಿ ಜಿರೂ ಒಟ್ಟಾವಾಕ್ಕೆ, ಚಿಯಾರೊಟ್ ಡೆಟ್ರಾಯಿಟ್‌ಗೆ ನಡೆದರು. ಎರಡು ಮೊದಲ ಸುತ್ತಿನ ಹಕ್ಕುಗಳು, ಒಬ್ಬ ಟಿಪ್ಪೆಟ್, ಮೂರು ಗೋಲು.

ಇಬ್ಬರೂ ಕೆಟ್ಟ ಆಟಗಾರರಾಗಿದ್ದರಿಂದ ಹೀಗಾಗಲಿಲ್ಲ. ಜಿರೂ ಪಕ್ ಹಂಚುವುದರಲ್ಲಿ ನಿಪುಣ. ಆದರೆ ಹಂಚುವವರು ಆ ತಂಡದಲ್ಲಿ ಆಗಲೇ ಧಾರಾಳವಾಗಿದ್ದರು. ಪ್ಲೇಆಫ್‌ನಲ್ಲಿ ಜಾಗ ಕಿರಿದಾಗುತ್ತದೆ, ಎದುರಾಳಿಗಳು ಮೈಮೇಲೆ ಬೀಳುತ್ತಾರೆ, ಓಟದ ರಭಸದಲ್ಲಿ ಹುಟ್ಟುವ ಗೋಲುಗಳು ಬತ್ತುತ್ತವೆ. ಆಗ ಬೇಕಾಗುವುದು ಗೋಲಿನ ಬಾಯಲ್ಲೇ ಕಾಲೂರಿ ನಿಂತು, ಏಟು ತಿಂದು, ಮೂಲೆಯಿಂದ ಪಕ್ ಕಿತ್ತು ತರುವವನು. ಹೆಚ್ಚಿರುವುದನ್ನೇ ಇನ್ನಷ್ಟು ಕೊಂಡರೆ ಕಡಿಮೆ ಇರುವುದು ತುಂಬುವುದಿಲ್ಲ.

ಒಂದಕ್ಕೆ ಎರಡು

ಈ ಹಿನ್ನೆಲೆಯಲ್ಲಿ ಟ್ಕಚುಕ್ ವಿನಿಮಯವನ್ನು ನೋಡಬೇಕು. ಕ್ಯಾಲ್ಗರಿಯ ಸ್ಥಿತಿ ಆ ಬೇಸಿಗೆಯಲ್ಲಿ ಅನುಕಂಪ ಹುಟ್ಟಿಸುವಂತಿತ್ತು. 115 ಅಂಕದ ಜಾನಿ ಗೌಡ್ರೊ ಒಪ್ಪಂದ ಮುಗಿದೊಡನೆ ಕೊಲಂಬಸ್‌ಗೆ ಹೊರಟುಹೋದ, ಬದಲಿಗೆ ತಂಡಕ್ಕೆ ಬಂದದ್ದು ಸೊನ್ನೆ. ಬೆನ್ನಿಗೇ ಟ್ಕಚುಕ್ ಕೂಡ ದೀರ್ಘಾವಧಿಗೆ ನಿಲ್ಲುವುದಿಲ್ಲವೆಂದು ತಿಳಿಸಿದ. ಎರಡನೆಯ ಬಾರಿ ಬರಿಗೈಯಾಗುವ ಬದಲು ಇಬ್ಬರು ಸಿದ್ಧ ಆಟಗಾರರನ್ನು ಪಡೆದದ್ದನ್ನು ಆಗ ಅನೇಕರು ಕ್ಯಾಲ್ಗರಿಯ ಜಾಣತನವೆಂದೇ ಹೊಗಳಿದ್ದರು. ತಪ್ಪೇನಲ್ಲ. ವೀಗರ್ ಅಲ್ಲಿ ಚೆನ್ನಾಗಿಯೇ ಆಡಿದ. 2023-24ರಲ್ಲಿ ರಕ್ಷಕನಾಗಿದ್ದೂ 20 ಗೋಲು ಹೊಡೆದ.

ವೇತನದ ತಕ್ಕಡಿಯಲ್ಲಿ ಈ ವಿನಿಮಯ ಸಮತೂಕದ್ದೇ ಆಗಿತ್ತು. ಹ್ಯೂಬರ್ಡೊನ 59 ಲಕ್ಷ, ವೀಗರ್‌ನ 32.5 ಲಕ್ಷ, ಕೂಡಿದರೆ 91.5 ಲಕ್ಷ ಡಾಲರ್. ಟ್ಕಚುಕ್‌ನ ಹೊಸ ಒಪ್ಪಂದ ವರ್ಷಕ್ಕೆ 95 ಲಕ್ಷ. ಆದರೆ ಕಾಲದ ತಕ್ಕಡಿ ಬೇರೆಯೇ ಹೇಳುತ್ತಿತ್ತು. ಹೊರಟ ಇಬ್ಬರ ಒಪ್ಪಂದಗಳಿಗೂ ಉಳಿದಿದ್ದದ್ದು ಒಂದೊಂದೇ ವರ್ಷ. ಹ್ಯೂಬರ್ಡೊಗೆ ಆಗಲೇ 29. ಅವನನ್ನು ಉಳಿಸಿಕೊಳ್ಳುವುದೆಂದರೆ ಮೂವತ್ತರ ನಂತರದ ಎಂಟು ವರ್ಷಗಳಿಗೆ ಕೋಟಿ ಮೀರಿದ ವೇತನ ಕೊಡುವುದು. ಕ್ಯಾಲ್ಗರಿ ಮರುತಿಂಗಳೇ ಅದನ್ನು ಮಾಡಿತು: ಎಂಟು ವರ್ಷ, 8.4 ಕೋಟಿ ಡಾಲರ್. ನಂತರದ ಮೂರು ಋತುಗಳಲ್ಲಿ ಅವನ ಗಳಿಕೆ 55, 52, 62 ಅಂಕ. ಟ್ಕಚುಕ್‌ನ ಎಂಟು ವರ್ಷಗಳಾದರೋ 24ಕ್ಕೆ ಆರಂಭವಾಗಿ ಮೂವತ್ತೆರಡರ ಸುಮಾರಿಗೆ ಮುಗಿಯುವಂಥವು. ಫ್ಲಾರಿಡಾ ಕೊಂಡದ್ದು ಆಟಗಾರನೊಬ್ಬನ ಉತ್ತಮ ವಯಸ್ಸನ್ನು, ಬಿಟ್ಟದ್ದು ಇನ್ನೊಬ್ಬನ ಇಳಿವಯಸ್ಸನ್ನು ಎಂದರೆ ಒರಟಾದೀತು. ಲೆಕ್ಕ ಮಾತ್ರ ಅದೇ.

ಆದರೂ ಇಬ್ಬರನ್ನು ಕೊಟ್ಟು ಒಬ್ಬನನ್ನು ತಂದ ತೂತು ತೂತೇ. 2022-23ರಲ್ಲಿ ತಂಡ 122ರಿಂದ 92 ಅಂಕಕ್ಕೆ ಇಳಿಯಿತು, ಪ್ಲೇಆಫ್‌ಗೆ ಕೊನೆಯ ಬಾಗಿಲಿನಿಂದ ನುಸುಳಿತು. ಅಲ್ಲಿ ಆ ಋತುವಿನಲ್ಲಿ ದಾಖಲೆಯ 65 ಪಂದ್ಯ ಗೆದ್ದಿದ್ದ ಬಾಸ್ಟನ್‌ ತಂಡವನ್ನು ಸೋಲಿಸಿ, ಟೊರೊಂಟೊ, ಕ್ಯಾರೊಲಿನಾಗಳನ್ನೂ ದಾಟಿ ಫೈನಲ್ ತಲುಪಿದ್ದು ಬಹುಮಟ್ಟಿಗೆ ಟ್ಕಚುಕ್‌ನ ಸಾಹಸ. ಫೈನಲ್‌ನ ಮೂರನೇ ಪಂದ್ಯದಲ್ಲಿ ಅವನ ಎದೆಮೂಳೆ ಮುರಿಯಿತು. ನಾಲ್ಕನೆಯದನ್ನು ಹಾಗೆಯೇ ಆಡಿದ, ಐದನೆಯದಕ್ಕೆ ಇಳಿಯಲಾಗಲಿಲ್ಲ. ಆ ಪಂದ್ಯವನ್ನು ವೇಗಾಸ್ ತಂಡ 9-3ರಿಂದ ಗೆದ್ದು ಕಪ್ ಒಯ್ದಿತು. ಒಬ್ಬ ಬಿದ್ದರೆ ಬೀಳುವ ತಂಡ ಇನ್ನೂ ಆಳ ಕಂಡಿಲ್ಲವೆಂದೇ ಅರ್ಥ.

ಗಡುವಿನ ಮೊದಲು, ಗಡುವಿನ ನಂತರ

2024ರ ಮಾರ್ಚ್‌ನಲ್ಲಿ ಫ್ಲಾರಿಡಾದ ಖರೀದಿ ಚಿಕ್ಕದು. ವ್ಲಾದಿಮಿರ್ ತರಸೆಂಕೊಗಾಗಿ ಮೂರನೇ, ನಾಲ್ಕನೇ ಸುತ್ತಿನ ಹಕ್ಕುಗಳನ್ನಷ್ಟೇ ಕೊಟ್ಟಿತು. ಅವನ ವೇತನದ ಅರ್ಧವನ್ನು ಒಟ್ಟಾವಾ ಉಳಿಸಿಕೊಂಡಿತು. ಜೊತೆಗೆ ನಾಲ್ಕನೇ ಸಾಲಿಗೆ ಹಿರಿಯ ಕೈಲ್ ಒಕ್‌ಪೊಸೊ. ಎರಡು ವರ್ಷದ ಹಿಂದಿನ ದುಂದುಗಾರಿಕೆಯ ಪಕ್ಕದಲ್ಲಿ ಇದು ಸಂತೆಯಿಂದ ಸೊಪ್ಪು ತಂದಂತೆ. ಆ ವರ್ಷ ಕಪ್ ಬಂತು.

ಗೆದ್ದ ತಂಡಕ್ಕೆ ಬೇರೆಯದೇ ಕಷ್ಟ. ಎಲ್ಲರ ಬೆಲೆಯೂ ಏರುತ್ತದೆ, ಮಿತಿ ಅಷ್ಟು ಏರುವುದಿಲ್ಲ. 57 ಗೋಲು ಹೊಡೆದಿದ್ದ ರೈನ್‌ಹಾರ್ಟ್‌ನನ್ನು ಎಂಟು ವರ್ಷಕ್ಕೆ ಉಳಿಸಿಕೊಂಡ ಫ್ಲಾರಿಡಾ, ರಕ್ಷಕರಾದ ಬ್ರ್ಯಾಂಡನ್ ಮಾಂಟೂರ್, ಆಲಿವರ್ ಎಕ್ಮನ್-ಲಾರ್ಸನ್‌ರನ್ನೂ ತರಸೆಂಕೊನನ್ನೂ ಬಿಟ್ಟುಕೊಟ್ಟಿತು. ಬದಲಿಗೆ ಬಂದವರಲ್ಲಿ ವಿನ್ನಿಪೆಗ್ ತಂಡ ಹಣ ಕೊಟ್ಟು ಒಪ್ಪಂದ ಮುರಿದುಕೊಂಡಿದ್ದ ನೇಟ್ ಶ್ಮಿಟ್ ಒಬ್ಬ. ವೇತನ ಎಂಟು ಲಕ್ಷ ಡಾಲರ್. ಒಟ್ಟಿನಲ್ಲಿ ರಕ್ಷಣಾ ಪಂಕ್ತಿ ತೆಳುವಾಯಿತು.

2025ರ ಮಾರ್ಚ್ 1ರಂದು ಫ್ಲಾರಿಡಾ ಷಿಕಾಗೊದಿಂದ ರಕ್ಷಕ ಸೆತ್ ಜೋನ್ಸ್‌ನನ್ನು ತಂದುಕೊಂಡಿತು. ಈ ಬಾರಿ ಬಾಡಿಗೆಯಲ್ಲ, ಅವನ ಒಪ್ಪಂದ 2030ರವರೆಗಿತ್ತು. ವರ್ಷದ 95 ಲಕ್ಷದಲ್ಲಿ 25 ಲಕ್ಷವನ್ನು ಷಿಕಾಗೊ ಹೊತ್ತುಕೊಂಡಿತು. ಕೊಟ್ಟದ್ದು ಷರತ್ತಿನ ಮೇಲೆ ಮೊದಲ ಸುತ್ತಿನ ಹಕ್ಕು ಮತ್ತು 23ರ ಗೋಲಿ ಸ್ಪೆನ್ಸರ್ ನೈಟ್. ಬೊಬ್ರೊವ್‌ಸ್ಕಿಯ ಉತ್ತರಾಧಿಕಾರಿಯೆಂದು ಬೆಳೆಸಿದ್ದ ಹುಡುಗ ಅವನು. ಮುಂದೆ ಷಿಕಾಗೊದ ಪ್ರಧಾನ ಗೋಲಿಯಾದ.

ರಕ್ಷಣೆ ತುಂಬಿತು, ಎರಡನೇ ಗೋಲಿಯ ಸ್ಥಾನ ಬರಿದಾಯಿತು. ಮೂವತ್ತಾರರ ಬೊಬ್ರೊವ್‌ಸ್ಕಿ ಒಬ್ಬನೇ ಉಳಿದ. ನಾಲ್ಕೇ ದಿನದಲ್ಲಿ ಸ್ಯಾನ್ ಹೋಸೆಯಿಂದ ವಿಟೆಕ್ ವಾನೆಚೆಕ್ ಬಂದ, ಹೋದವನು ಒಬ್ಬ ಸಾಮಾನ್ಯ ಯುವ ಆಟಗಾರ. ವಾನೆಚೆಕ್ ದೊಡ್ಡ ಗೋಲಿಯೇನಲ್ಲ. ಆದರೆ ಒಂದು ವಿನಿಮಯ ತೆರೆದ ತೂತನ್ನು ಮುಚ್ಚುವ ಎರಡನೇ ವಿನಿಮಯ ಮೊದಲೇ ಯೋಚಿಸಿದಂತಿರಬೇಕು ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಸಿಗದು. ಮರುದಿನವೇ ಅದೇ ತಂಡದಿಂದ ನಾಲ್ಕನೇ ಸಾಲಿನ ಸೆಂಟರ್ ನಿಕೊ ಸ್ಟರ್ಮ್ ಕೂಡ ಬಂದ.

ಮಾರ್ಚ್ 7, ಗಡುವಿನ ಕೊನೆಯ ಗಳಿಗೆಗಳಲ್ಲಿ, ಎಲ್ಲರೂ ಹುಬ್ಬೇರಿಸಿದ ಸುದ್ದಿ ಬಂತು. ಬಾಸ್ಟನ್ ನಾಯಕ ಬ್ರ್ಯಾಡ್ ಮಾರ್ಶಾಂಡ್ ಫ್ಲಾರಿಡಾಕ್ಕೆ! ಹದಿನಾರು ಋತು ಬಾಸ್ಟನ್‌ನಲ್ಲೇ ಆಡಿದ್ದ, ಎದುರಾಳಿಗಳನ್ನು ಕೆಣಕುವುದರಲ್ಲಿ ಎತ್ತಿದ ಕೈ ಎನಿಸಿದ್ದ ಮಾರ್ಶಾಂಡ್‌ಗೆ ಆಗ 36. ಆ ಹೊತ್ತಿಗೆ ಗಾಯಾಳುವೂ ಹೌದು. ಬೆಲೆ ಎರಡನೇ ಸುತ್ತಿನ ಒಂದು ಹಕ್ಕು. ಫ್ಲಾರಿಡಾ ಪ್ಲೇಆಫ್‌ನಲ್ಲಿ ಎರಡು ಸುತ್ತು ಗೆದ್ದು, ಅದರಲ್ಲಿ ಅವನು ಕನಿಷ್ಠ ಅರ್ಧದಷ್ಟು ಪಂದ್ಯ ಆಡಿದರೆ ಅದು ಮೊದಲ ಸುತ್ತಿನದಾಗುತ್ತದೆ ಎಂಬ ಷರತ್ತು. ಇಂಥ ಷರತ್ತು ಕೊಳ್ಳುವವನಿಗೆ ವಿಮೆಯಿದ್ದಂತೆ. ಫಲ ಬಂದರೆ ಮಾತ್ರ ಪೂರ್ಣ ಬೆಲೆ. ಮಾರ್ಶಾಂಡ್‌ನ ವೇತನದ ಅರ್ಧವೂ ಬಾಸ್ಟನ್ ಲೆಕ್ಕಕ್ಕೇ ಉಳಿಯಿತು.

ಮೂರು ದಿನ ಕಳೆಯುವಷ್ಟರಲ್ಲಿ, ಮಾರ್ಚ್ 10ರಂದು, ಎಕ್‌ಬ್ಲಾಡ್ ನಿಷೇಧಿತ ವಸ್ತು ಸೇವನೆಯ ಕಾರಣಕ್ಕೆ 20 ಪಂದ್ಯಗಳಿಗೆ ಅಮಾನತಾದ. ಪೇಟೆ ಮುಚ್ಚಿತ್ತು. ಜೋನ್ಸ್ ಆಗಲೇ ತಂಡದಲ್ಲಿರದಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಎಕ್‌ಬ್ಲಾಡ್ ಪ್ಲೇಆಫ್‌ನ ಮೊದಲ ಎರಡು ಪಂದ್ಯಗಳನ್ನು ಈ ಅಮಾನತಿನಿಂದ ಕಳೆದುಕೊಂಡ. ಎದುರಾಳಿಗೆ ಡಿಕ್ಕಿ ಹೊಡೆದದ್ದಕ್ಕಾಗಿ ಮತ್ತೆರಡನ್ನು ಕಳೆದುಕೊಂಡ. ಆ ಪ್ಲೇಆಫ್‌ನಲ್ಲಿ ಜೋನ್ಸ್ ಪಂದ್ಯಕ್ಕೆ ಸುಮಾರು 25 ನಿಮಿಷ ಆಡಿದ.

ಮಾರ್ಶಾಂಡ್‌ನನ್ನು ತರಬೇತುದಾರ ಪಾಲ್ ಮಾರಿಸ್ ಮೊದಲ ಸಾಲಿನಲ್ಲಿ ಆಡಿಸಲಿಲ್ಲ. ಫಿನ್ಲೆಂಡಿನ ಇಬ್ಬರು ಯುವಕರಾದ ಆಂಟನ್ ಲುಂಡೆಲ್ ಮತ್ತು ಈಟು ಲುಸ್ತಾರಿನೆನ್‌ರ ಜೊತೆ ಮೂರನೇ ಸಾಲಿನಲ್ಲಿ ಇಳಿಸಿದರು. ಎದುರಾಳಿಯ ಅತ್ಯುತ್ತಮ ರಕ್ಷಕರು ಬಾರ್ಕೊವ್-ರೈನ್‌ಹಾರ್ಟ್ ಸಾಲನ್ನು ತಡೆಯಬೇಕು, ಮುಂದಿನ ಜೋಡಿ ಬೆನೆಟ್-ಟ್ಕಚುಕ್‌ರನ್ನು. ಮಾರ್ಶಾಂಡ್ ಅಂಗಳಕ್ಕೆ ಇಳಿಯುವಾಗ ಎದುರಿಗೆ ಉಳಿದಿರುತ್ತಿದ್ದವರು ಮೂರನೇ ಜೋಡಿಯವರು. ಮೊದಲ ಸಾಲಿನ ಯೋಗ್ಯತೆಯವನನ್ನು ಮೂರನೇ ಸಾಲಿನಲ್ಲಿ ಆಡಿಸುವಷ್ಟು ಸಿರಿತನವೇ ಆಳದ ನಿಜವಾದ ಅಳತೆಗೋಲು. ಆ ಪ್ಲೇಆಫ್‌ನಲ್ಲಿ ಮಾರ್ಶಾಂಡ್ 23 ಪಂದ್ಯಗಳಲ್ಲಿ 20 ಅಂಕ ಗಳಿಸಿದ. ಎಡ್ಮಂಟನ್ ವಿರುದ್ಧದ ಫೈನಲ್ ಒಂದರಲ್ಲೇ ಆರು ಗೋಲು. ಎರಡನೇ ಪಂದ್ಯವನ್ನು ಎರಡನೇ ಹೆಚ್ಚುವರಿ ಅವಧಿಯಲ್ಲಿ ಗೆಲ್ಲಿಸಿದ್ದೂ ಅವನೇ. ಆದರೆ ಶ್ರೇಷ್ಠ ಆಟಗಾರನ ಪ್ರಶಸ್ತಿ ಪಡೆದವನು ಅವನಲ್ಲ. ಎರಡನೇ ಸುತ್ತಿನ ಒಂದು ಹಕ್ಕಿಗೆ ನಾಲ್ಕು ವರ್ಷದ ಹಿಂದೆ ಬಂದಿದ್ದ ಬೆನೆಟ್, 15 ಗೋಲು ಹೊಡೆದು ಅದನ್ನು ಪಡೆದ.

ಅದೃಷ್ಟದ ಪಾಲು

ಜೋನ್ಸ್ ಮತ್ತು ಮಾರ್ಶಾಂಡ್ ಇಬ್ಬರಿಗೂ ವೇತನ ಮಿತಿಯಲ್ಲಿ ಜಾಗ ಸಿಕ್ಕಿದ್ದು ಹೇಗೆ? ಉತ್ತರ ಜಾಣತನಕ್ಕಿಂತ ನೋವಿಗೆ ಸಂಬಂಧಿಸಿದ್ದು. ಫೆಬ್ರವರಿಯಲ್ಲಿ ಅಮೆರಿಕದ ಪರ ಆಡುವಾಗ ಟ್ಕಚುಕ್ ಗಾಯಗೊಂಡು ಲೀಗ್ ಹಂತದ ಉಳಿದ ಪಂದ್ಯಗಳಿಂದ ಹೊರಬಿದ್ದ. ದೀರ್ಘಕಾಲದ ಗಾಯಾಳುಗಳ ಪಟ್ಟಿಗೆ ಸೇರಿದವನ ವೇತನದಷ್ಟು ಹಣವನ್ನು ತಂಡ ಮಿತಿ ಮೀರಿ ಖರ್ಚು ಮಾಡಬಹುದಿತ್ತು. ಪ್ಲೇಆಫ್‌ನಲ್ಲಾದರೋ ಆಗ ಮಿತಿಯೇ ಇರಲಿಲ್ಲ. ಟ್ಕಚುಕ್ ಪ್ಲೇಆಫ್‌ನ ಮೊದಲ ಪಂದ್ಯಕ್ಕೇ ಮರಳಿ ಎರಡು ಗೋಲು ಹೊಡೆದ.

ಫ್ಲಾರಿಡಾ ಈ ದಾರಿ ಹಿಡಿದ ಮೊದಲ ತಂಡವಲ್ಲ. 2021ರಲ್ಲಿ ಟ್ಯಾಂಪಾ ಬೇಯ ನಿಕಿಟಾ ಕುಚೆರೊವ್ ಲೀಗ್ ಹಂತ ಪೂರ್ತಿ ಹೊರಗುಳಿದು ಪ್ಲೇಆಫ್‌ಗೆ ಮರಳಿದ್ದ. ಕಪ್ ಗೆದ್ದ ಮೇಲೆ, ಮಿತಿಗಿಂತ 1.8 ಕೋಟಿ ಡಾಲರ್ ಮೇಲೆ ಎಂದು ಬರೆದ ಅಂಗಿ ತೊಟ್ಟು ಎಲ್ಲರನ್ನೂ ಚೇಡಿಸಿದ್ದ. ನಿಯಮದೊಳಗೇ ಇದ್ದ ಈ ಸಂದಿಯನ್ನು ಆಟಗಾರರ ಸಂಘ ಮತ್ತು ಲೀಗ್ ನಡುವಣ 2025ರ ಹೊಸ ಒಪ್ಪಂದ ಮುಚ್ಚಿತು. 2025-26ರಿಂದ ಪ್ಲೇಆಫ್ ಪಂದ್ಯಕ್ಕೆ ಇಳಿಯುವ ಇಪ್ಪತ್ತು ಮಂದಿಯ ವೇತನವೂ ಮಿತಿಯೊಳಗಿರಬೇಕು.

ಈ ಎಲ್ಲ ಗೆಲುವಿನ ಖರ್ಚು ಬೇರೊಂದು ಖಾತೆಯಲ್ಲಿ ಕಾಣುತ್ತದೆ. 2022ರಿಂದ 2025ರವರೆಗೆ ಸತತ ನಾಲ್ಕು ವರ್ಷ ಫ್ಲಾರಿಡಾ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಒಬ್ಬನನ್ನೂ ಆರಿಸಲಿಲ್ಲ, ಎಲ್ಲವೂ ವಿನಿಮಯಕ್ಕೆ ಸಂದಿದ್ದವು. 2025ರಲ್ಲಿ ಅದರ ಕಿರಿಯ ತಂಡ ಷಾರ್ಲಟ್ ಚೆಕರ್ಸ್ ತನ್ನ ಲೀಗ್‌ನ ಫೈನಲ್ ತಲುಪಿತ್ತು ನಿಜ. ಆದರೆ ಹಿರಿಯ ತಂಡದಲ್ಲಿ ಗಟ್ಟಿ ಸ್ಥಾನ ಪಡೆದ ಹೊಸ ಹುಡುಗನೆಂದರೆ 2021ರ ಮೊದಲ ಸುತ್ತಿನ ಮ್ಯಾಕಿ ಸಮೊಸ್ಕೆವಿಚ್ ಒಬ್ಬನೇ ಎನ್ನಬೇಕು. ಮೇಲಿನ ಹೊಲ ಹಸಿರಾಗಿತ್ತು, ಬಿತ್ತನೆಯ ಕಣಜ ಬರಿದಾಗುತ್ತಿತ್ತು.

2025ರ ಬೇಸಿಗೆಯಲ್ಲಿ ಬೆನೆಟ್, ಎಕ್‌ಬ್ಲಾಡ್, ಮಾರ್ಶಾಂಡ್ ಮೂವರನ್ನೂ ಉಳಿಸಿಕೊಂಡಾಗ ಫ್ಲಾರಿಡಾ ಮೂರನೇ ಕಪ್‌ಗೆ ಸಜ್ಜಾದಂತೆ ಕಂಡಿತ್ತು. ಟ್ಕಚುಕ್ ಶಸ್ತ್ರಚಿಕಿತ್ಸೆಯಿಂದಾಗಿ ಋತುವಿನ ಆರಂಭಕ್ಕೆ ಸಿಗುವಂತಿರಲಿಲ್ಲ. ಸೆಪ್ಟೆಂಬರ್ 25ರಂದು ಅಭ್ಯಾಸದಲ್ಲಿ ನಾಯಕ ಬಾರ್ಕೊವ್‌ನ ಮೊಣಕಾಲಿನ ಅಸ್ಥಿರಜ್ಜುಗಳು ಹರಿದವು. ಚೇತರಿಕೆಗೆ ಏಳರಿಂದ ಒಂಬತ್ತು ತಿಂಗಳು ಎಂದು ತಂಡ ಪ್ರಕಟಿಸಿತು. ಮೊದಲ ಸಾಲಿನ ಸೆಂಟರ್ ಸ್ಥಾನಕ್ಕೆ ಪೇಟೆಯಲ್ಲಿ ಬೆಲೆ ವಿಚಾರಿಸಲು ಹೊರಟರೆ ಕೈಯಲ್ಲಿದ್ದ ಹಕ್ಕುಗಳಲ್ಲಿ ಹೆಚ್ಚಿನವು ಆಗಲೇ ಖರ್ಚಾಗಿದ್ದವು. ಬಾರ್ಕೊವ್‌ನ ವೇತನ ವರ್ಷಕ್ಕೆ ಒಂದು ಕೋಟಿ ಡಾಲರ್. ಆ ಜಾಗಕ್ಕೆ ಇನ್ನೊಬ್ಬನನ್ನು ತಂದರೆ, ಹೊಸ ನಿಯಮದಂತೆ, ನಾಯಕ ಪ್ಲೇಆಫ್‌ಗೆ ಮರಳುವ ದಿನ ಯಾರಾದರೊಬ್ಬರು ಅಂಗಳ ಬಿಟ್ಟು ಗ್ಯಾಲರಿಯಲ್ಲಿ ಕೂರಬೇಕಾಗುತ್ತಿತ್ತು.